ಮೂಗೂರು ನೇರ ಮೂಡಲಿಗೆ

ನಮ್ಮ ಮನೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದದ್ದೇ ಇಲ್ಲ. ಒಂದೇ ಬಸ್ಸಿಗೆ ಹೋಗಬಹುದಾದ ಊರು ಹತ್ತಿರ, ಬಸ್ಸು ಬದಲಿಸಬೇಕಾದ ಊರು ದೂರ. ನಂಜನಗೂಡಿನ ನಮಗೆ ಹುಲ್ಲಹಳ್ಳಿ ಹತ್ತಿರ, ಮೂಗೂರು ದೂರ. ಹೆಣ್ಣು ಕೊಡುವಾಗಲೂ ತರುವಾಗಲೂ ಇದೇ ಲೆಕ್ಕ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಹಿರಿಮಗಳಾದ ನನಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ತಂಗಿ ಮೆಚ್ಚಿದ ಹುಡುಗ ಮೂಗೂರಿನವನು. ಮೂಗೂರು ಅವ್ವನ ತವರು ಬೇರೆ. ಕುಣಿದಾಡಿಕೊಂಡು ಒಪ್ಪುತ್ತಾಳೆ ಅಂದುಕೊಂಡಿದ್ದೆವು. ಅವ್ವ ಖಡಾಖಂಡಿತವಾಗಿ ಬೇಡವೆಂದಳು. "ಎರಡು ಬಸ್ಸಿನ ಊರ್ಗೆ ನಾನು ಹೆಣ್ಣು ಕೊಡಕಿಲ್ಲ." ತಂಗಿ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಆ ವಾರ ನಾನು ತರಗತಿಯಲ್ಲಿ ವೆಕ್ಟರ್ ಘಟಕಗಳನ್ನೇ ಪಾಠ ಮಾಡುತ್ತಿದ್ದೆ. ಓರೆ ದಾರಿಯನ್ನು ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು ಎಂದು ಒಡೆದು ಆಮೇಲೆ ಕೂಡಿಸುವುದು. ಫೋನಿನ ನಕ್ಷೆ ನೋಡಿಕೊಂಡು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನಂಜನಗೂಡಿನಿಂದ ಟಿ. ನರಸೀಪುರ ಪೂರ್ವಕ್ಕೆ ಸುಮಾರು ಇಪ್ಪತ್ನಾಲ್ಕು ಕಿಲೋಮೀಟರು, ಉತ್ತರಕ್ಕೆ ಹತ್ತು. ಅಲ್ಲಿಂದ ಮೂಗೂರು ಪೂರ್ವಕ್ಕೆ ಮೂರು, ದಕ್ಷಿಣಕ್ಕೆ ಒಂಬತ್ತು.

"ನೋಡವ್ವ, ಬಸ್ಸು ಹತ್ತು ಮೇಲಕ್ಕೋಗಿ ಒಂಬತ್ತು ಕೆಳಕ್ಕೆ ಬತ್ತದೆ. ಒಂದ್ರಲ್ಲಿ ಇನ್ನೊಂದು ವಜಾ. ಉಳಿಯೋದು ಒಂದು. ಪೂರ್ವದ್ದು ಕೂಡಿದ್ರೆ ಇಪ್ಪತ್ತೇಳು. ಎರಡರ ವರ್ಗ ಕೂಡಿ ಮೂಲ ತೆಗೆದ್ರೂ ಇಪ್ಪತ್ತೇಳು ಚಿಲ್ರೆ, ಅಷ್ಟೆ. ನಿನ್ನ ತವರು ನಮ್ಮನೆಯಿಂದ ನೇರ ಮೂಡಲಿಗದೆ."

ಅವ್ವ ಸೊಪ್ಪು ಬಿಡಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು. "ಆ ಗೆರೆ ಮೇಲೆ ಬಸ್ಸು ಓಡ್ತದಾ?"

"ಇಲ್ಲ."

"ಮತ್ತೆ? ನಮ್ಮವ್ವ ಸತ್ತಾಗ ನಾನು ನರಸೀಪುರದ ಸ್ಟ್ಯಾಂಡಲ್ಲಿ ಬಸ್ಸಿಗೆ ಕಾಯ್ತಾ ಕುಂತಿದ್ದೆ ಕಣವ್ವ. ಓಗೋ ಒತ್ಗೆ ಮಣ್ಣು ಮಾಡ್ಬುಟ್ಟಿದ್ರು. ಮೊಕ ನೋಡ್ನಿಲ್ಲ. ನಾಳೆ ನಾನು ಸತ್ರೆ ಅವಳೂ ಅಂಗೇ ಕುಂತ್ಕೋಬೇಕಾ?"

ಅಜ್ಜಿಯ ಮಣ್ಣಿಗೆ ಅವ್ವ ತಡವಾಗಿ ಹೋದದ್ದು ಗೊತ್ತಿತ್ತು. ಅದನ್ನು ಇಷ್ಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಾಳೆಂದು ಗೊತ್ತಿರಲಿಲ್ಲ. ಸಂಕಟವಾಯಿತು.

ಆದರೂ ನನ್ನ ಹಟ ನನ್ನದು. ಭಾನುವಾರ ಬೆಳಿಗ್ಗೆ ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೂಡಲಿಗೆ ಹೊರಟೆ. ಹಳ್ಳಿ ರಸ್ತೆಗಳು ನನ್ನ ಗೆರೆಯಷ್ಟು ನೆಟ್ಟಗಿರಲಿಲ್ಲ. ನಾಲೆ ಅಡ್ಡ ಬಂದಲ್ಲಿ ಸುತ್ತಿದೆವು. ಒಂದು ಕಡೆಯಂತೂ ಗದ್ದೆಯಂಚಿಗೆ ಬಂದು ದಾರಿಯೇ ಮುಗಿದುಹೋಯಿತು. "ಇದೇಯಾ ನಿನ್ನ ಲೆಕ್ಕ?" ಎಂದು ಅವ್ವ ಹಿಂದಿನಿಂದ ಹಂಗಿಸುತ್ತಲೇ ಇದ್ದಳು. ಸಿಕ್ಕವರನ್ನೆಲ್ಲ ದಾರಿ ಕೇಳುತ್ತ, ನರಸೀಪುರದ ಕಡೆ ತಲೆಯೇ ಹಾಕದೆ, ಬಿಸಿಲು ಚುರುಗುಟ್ಟುವ ಮೊದಲೇ ಮೂಗೂರು ಮುಟ್ಟಿದೆವು.

ಊರ ಹೊರಗೇ ಗಾಡಿ ನಿಲ್ಲಿಸು ಎಂದಳು ಅವ್ವ. ಇಳಿದು, ಬಂದ ದಾರಿಯನ್ನೇ ನೋಡುತ್ತ ನಿಂತಳು.

"ಇಷ್ಟೇಯಾ?"

ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಲೆಕ್ಕದಲ್ಲಿ ಗೆದ್ದ ಖುಷಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮುಖ ಒರೆಸಿಕೊಂಡು, "ಅವಳ್ಗೆ ಫೋನ್ ಮಾಡು, ಅವ್ವ ಒಪ್ಕೊಂಡ್ಳು ಅನ್ನು" ಎಂದಳು. ನಾನು ಫೋನು ತೆಗೆಯುವಷ್ಟರಲ್ಲಿ ನನ್ನ ಕೈ ಹಿಡಿದುಕೊಂಡಳು.

"ಮದ್ವೆ ಒಳಗೆ ಅವಳ್ಗೆ ಗಾಡಿ ಓಡ್ಸೋದು ಕಲ್ಸು. ಬಸ್ಸಿಗೂ ಬ್ಯಾಡ, ಗಂಡಂಗೂ ಬ್ಯಾಡ. ನನ್ ಮಗಳು ಯಾರಿಗೂ ಕಾಯ್ತಾ ಕೂರಬಾರ್ದು."