ತೋಡಿನ ದಂಡೆಯ ವಾರ್ಡು

ನರ್ಸಮ್ಮನ ಒಂಬತ್ತು ಉಗುರುಗಳು ಬುಡಮಟ್ಟ ಕತ್ತರಿಸಿರುತ್ತಿದ್ದವು. ಬಲಗೈ ಹೆಬ್ಬೆರಳಿನದು ಮಾತ್ರ ಉದ್ದ, ಅದರಡಿ ಸದಾ ಹಸಿರು. ಕುತೂಹಲ ತಡೆಯದೆ ಒಮ್ಮೆ ಕೇಳಿದೆ. "ಒಣಗಿದ ಹಾಗೆ ಕಾಣುವ ಸಸಿಯ ತೊಗಟೆ ಕೆರೆದು ನೋಡ್ತೇನೆ. ಒಳಗೆ ಹಸಿರಿದ್ರೆ ಜೀವ ಉಂಟು," ಎಂದರು.

ವಾಮಂಜೂರಿನಲ್ಲಿ ನಮ್ಮ ಮನೆಗಳ ಹಿಂದೆ ಹರಿಯುವ ತೋಡಿನ ದಂಡೆಗೆ ಯಾರೋ ಹೊಂಗೆ ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಹೋದರು. ನೀರು ಹೊರಲು ಉಳಿದವರು ನಿವೃತ್ತ ನರ್ಸ್ ಆಗಿದ್ದ ಅವರು, ಸೈನ್ಯದಿಂದ ಮರಳಿದ್ದ ನಾನು. ಸಾಲು ಸರಿಯಿಲ್ಲವೆಂದು ನಾನು ಗೊಣಗಿದರೆ, "ತೋಡೇ ಸೀದಾ ಹೋಗುದಿಲ್ಲ, ನಿಮ್ಮ ಪರೇಡ್ ಎಂತಕ್ಕೆ?" ಎನ್ನುತ್ತಿದ್ದರು.

ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳು. ದಂಡೆಯಲ್ಲಿ ನಾವಿಬ್ಬರೇ. ಮಳೆಗೆ ಮುಂಚೆ ಹೂಳೆತ್ತಲು ಜೆಸಿಬಿ ಬರುವುದಿತ್ತು. ಅದು ನಮ್ಮ ದಂಡೆಯಲ್ಲಿ ಇಳಿದರೆ ಒಂದು ಸಸಿಯೂ ಉಳಿಯದು. ನರ್ಸಮ್ಮ ಬ್ಯಾಂಡೇಜ್ ಬಟ್ಟೆ ಹರಿದು, ಪ್ರತಿ ಸಸಿಗೂ ಬಿಳಿ ಪಟ್ಟಿಯೊಂದನ್ನು ಸಡಿಲವಾಗಿ ಸುತ್ತಿದರು.

ಡ್ರೈವರ್ ಯಂತ್ರ ನಿಲ್ಲಿಸಿ ನಕ್ಕ. "ಎಂತ ಅಮ್ಮಾ, ಇಷ್ಟು ಜನಕ್ಕೂ ಆಕ್ಸಿಡೆಂಟಾ?"

"ಆಗಿಲ್ಲ ಮಾರಾಯ. ನೀನು ಈ ಕಡೆ ಬಂದ್ರೆ ಆಗ್ತದೆ."

"ಆಚೆ ದಂಡೆಯಿಂದ ಮಾಡಿದ್ರೆ ತಡ ಆಗ್ತದೆ, ಮೇಸ್ತ್ರಿ ಬೈತಾರೆ."

"ನನ್ನ ಬೈಗುಳ ನೀನು ಕೇಳಿಲ್ಲ. ಡಾಕ್ಟರುಗಳೇ ಹೆದರ್ತಿದ್ರು."

ಅವನು ತಲೆ ಕೆರೆದುಕೊಂಡು ಯಂತ್ರ ತಿರುಗಿಸಿದ. ತಿರುಗಿಸುವಾಗ ಹಿಂದಿನ ಚಕ್ರ ತುದಿಯ ಸಸಿಯ ಮೇಲೆ ಹತ್ತಿತು. ಕೂಡಲೇ ಕೆಳಗೆ ಹಾರಿದ. ಕಾಂಡ ನಡುವೆ ಜಜ್ಜಿಹೋಗಿತ್ತು.

"ಹೊಸ ಸಸಿ ತರೋಣ," ಎಂದೆ. ಸೈನ್ಯದಲ್ಲಿ ಮುರಿದದ್ದನ್ನು ಬದಲಿಸುವುದೇ ರೂಢಿ. ನರ್ಸಮ್ಮ ಕೇಳಿಸಿಕೊಳ್ಳಲಿಲ್ಲ. ಜಜ್ಜಿದ ಜಾಗದಿಂದ ಗೇಣು ಕೆಳಗೆ ಓರೆಯಾಗಿ ಕತ್ತರಿಸಿದರು.

"ಬದುಕ್ತದಾ ಅಮ್ಮಾ?" ಎಂದು ಡ್ರೈವರ್ ಮೆಲ್ಲಗೆ ಕೇಳಿದ.

"ಮಳೆ ಮುಗಿದ ಮೇಲೆ ನೋಡ್ಲಿಕ್ಕೆ ಬಾ."

ಅದೇ ವರ್ಷ ಆಟಿ ತಿಂಗಳ ಧಾರಾಕಾರ ಮಳೆಯ ನಡುವೆ ನರ್ಸಮ್ಮ ತೀರಿಕೊಂಡರು. ಮುರಿದ ಒಂದು ಸಸಿಗೆ ಅಷ್ಟು ಹಟ ಯಾಕೆಂದು ಅವರನ್ನು ಕೇಳುವುದು ಉಳಿದೇಹೋಯಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಡ್ರೈವರ್ ಬಂದ. ಕೈಯಲ್ಲಿ ಕಿತ್ತಳೆ ಹಣ್ಣಿನ ಪೊಟ್ಟಣ. "ಅಮ್ಮ ಇಲ್ವಾ?" ಎಂದ. ಹೇಳಿದೆ. ಆಮೇಲೆ ಆ ಜಜ್ಜಿದ ಸಸಿ ಎಲ್ಲಿ ಎಂದು ವಿಚಾರಿಸಿದ.

ಕಡಿದ ಬುಡದಿಂದ ಎರಡು ಚಿಗುರು ಮೊಣಕಾಲೆತ್ತರ ಎದ್ದಿದ್ದವು. ಕಾಡುಬಳ್ಳಿಯೊಂದು ಎರಡನ್ನೂ ಬಿಗಿದು ಸುತ್ತಿತ್ತು; ಸಾಲಿನ ಉಳಿದ ಸಸಿಗಳಿಗೂ ಹಬ್ಬಿತ್ತು. ಅವನು ಹಣ್ಣು ಬದಿಗಿಟ್ಟು, ಮಂಡಿಯೂರಿ, ಬಳ್ಳಿ ಬಿಡಿಸತೊಡಗಿದ. ನಾನು ಸಾಲಿನ ಇನ್ನೊಂದು ತುದಿಯಿಂದ ಶುರುಮಾಡಿದೆ. ಕತ್ತಲಾಗುವ ಮೊದಲು ಇಡೀ ದಂಡೆಯ ಸಸಿಗಳ ಬಳ್ಳಿ ಬಿಡಿಸಿ ಮುಗಿಸಿದೆವು.