ಬೀದರ ಏರಿಗೆ ಹಾಕಿಸಿದ ಫ್ರೀವೀಲ್

ಪೋಲೀಸ್ ಆಕ್ಷನ್ ಆಗಿ, ನಿಜಾಮನ ರಾಜ್ಯ ಹೋಗಿ ನಾಕೈದು ತಿಂಗಳಾಗಿತ್ತು. ಗುಂಡಿನ ಸಪ್ಪಳ ನಿಂತಿತ್ತು, ಸಂಶಯ ನಿಂತಿರಲಿಲ್ಲ. ಯಾರರೆ ಹೊಸ ಧೋತರ ಉಟ್ಟು ಬಂದ್ರ, ಇದು ಯಾರ ಮನಿ ಲೂಟಿದಪ್ಪಾ ಅಂತ ನೋಡೂ ಕಾಲ. ನಾನೇನು ಕಡಿಮಿ ಇರಲಿಲ್ಲ. ಸಿಟ್ಟು ನನಗ ಮೂಗಿನ ತುದಿಮ್ಯಾಲೇ ಇರ್ತಿತ್ತು, ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ಗದ್ದಲದಾಗ ನಮ್ಮ ಎತ್ತು ಎರಡೂ ಹ್ವಾದುವು. ಯಾರು ಹೊಡಕೊಂಡು ಹ್ವಾದ್ರೋ ಇವತ್ತಿಗೂ ಗೊತ್ತಿಲ್ಲ, ಆದ್ರ ನಾ ಮನಸ್ಸಿನಾಗ ಹತ್ತು ಮಂದಿನ್ನ ಕಳ್ಳರ ಮಾಡಿಟ್ಟಿದ್ದೆ. ಮನ್ಯಾಗ ಉಳಿದದ್ದು ಒಂದು ಹಳೀ ಸೈಕಲ್. ಅದೇ ಹೊತ್ತಿಗೆ ಅಪ್ಪನ ಹಿಮ್ಮಡಕ್ಕ ಜಾಲಿಮುಳ್ಳು ಮುರದು ಹುಣ್ಣಾತು. ಸಕ್ಕರಿ ರೋಗದ ಮೈ, ಮಾಯಲಿಲ್ಲ. ಬೀದರ ದವಾಖಾನಿ ಡಾಕ್ಟರು ಖಡಕ್ಕಾಗಿ ಹೇಳಿದ್ರು: ಎಂಟು ದಿನಕ್ಕೊಮ್ಮಿ ಬಂದು ಪಟ್ಟಿ ಕಟ್ಟಿಸ್ಕೋಬೇಕು, ಕಾಲು ನೆಲಕ್ಕ ಊರಬಾರದು, ಊರಿ ನಡೆದ್ರ ಕಾಲೇ ತಗೀಬೇಕಾಗ್ತದ.

ನಮ್ಮೂರು ಔರಾದದ ಹತ್ತಿರ, ಸುತ್ತೆಲ್ಲ ಬಯಲು. ಬೀದರ ಅಂದ್ರ ಎತ್ತರದ ಮ್ಯಾಲ ಕುಂತ ಊರು. ಬಯಲಿನಾಗ ಅಪ್ಪನ್ನ ಕ್ಯಾರಿಯರ್ ಮ್ಯಾಲ ಕೂಡಿಸ್ಕೊಂಡು ಹ್ಯಾಂಗರೆ ತುಳೀತಿದ್ದೆ. ಏರು ಬಂತಂದ್ರ ಪೆಡಲು ಕಲ್ಲಾಗ್ತಿತ್ತು. ಅವನ್ನ ಕೂಡಿಸ್ಕೊಂಡೇ ದೂಡೂಣು ಅಂತ ಹೋಗಿ ಒಮ್ಮಿ ಇಬ್ಬರೂ ಬಿದ್ದಿವಿ. ಅವತ್ತಿನಿಂದ ಅಪ್ಪ ಏರಿನ ಬುಡಕ್ಕ ತಾನೇ ಇಳೀತಿದ್ದ, ಸೀಟು ಹಿಡ್ಕೊಂಡು ಕುಂಟತಿದ್ದ. ಪಟ್ಟಿ ಬಿಚ್ಚಿದಾಗೆಲ್ಲ ಡಾಕ್ಟರು ನನ್ನ ಮಾರಿ ನೋಡ್ತಿದ್ರು.

ಔರಾದದಾಗ ಒಬ್ಬ ಸೈಕಲ್ ಮಿಸ್ತ್ರಿ ಇದ್ದ, ಮುಸಲ್ಮಾನ, ಅಪ್ಪನ ಓರಗೆಯವ. ಸಣ್ಣಂದಿನಿಂದ ನಾ ಅವನಿಗೆ ಚಾಚಾ ಅಂತಿದ್ದೆ, ಅಂವ ನನಗ ಬೇಟಾ ಅಂತಿದ್ದ. ಪೋಲೀಸ್ ಆಕ್ಷನ್ ಆದಮ್ಯಾಲ ಮಾಲಕ್ರೆ ಅನ್ನಾಕ ಸುರು ಮಾಡಿದ. ಸುಳ್ಳು ಯಾಕ ಹೇಳಲಿ, ನನಗ ಅದು ಹಿತಾ ಅನಸ್ತಿತ್ತು. ಹಿಂದಿನ ಗಾಲಿಯ ಹಲ್ಲಿನ ಚಕ್ರ, ಅದೇ ಫ್ರೀವೀಲು, ದೊಡ್ಡದು ಹಾಕಿದ್ರ ಏರು ಹಗುರಾಗ್ತದ ಅಂತ ಅವನೇ ಹೇಳಿದ. ಹೊಸಾದು ತರೂ ತಾಕತ್ತು ನಮಗಿರಲಿಲ್ಲ. ಮುರಕಲು ಸೈಕಲ್ಲಿಂದ ಬಿಚ್ಚಿದ್ದೊಂದು ಇತ್ತು, ಇಪ್ಪತ್ತೆರಡು ಹಲ್ಲಿಂದು. ಒಂದು ಚೀಲ ಜೋಳ ಇಸ್ಕೊಂಡು, ಚೈನಿಗೆ ಎರಡು ಕೊಂಡಿ ಜೋಡಿಸಿ ಅದನ್ನ ಹಾಕಿಕೊಟ್ಟ.

ಊರ ತನಕ ಬಯಲು ದಾರಿ. ಕಾಲು ಗಿರಗಿರ ತಿರಗತಾವ, ಸೈಕಲ್ ಮುಂದ ಹೋಗಂಗಿಲ್ಲ. ಮನಿ ಮುಟ್ಟೂದ್ರಾಗ ನನ್ನ ತಲಿ ಕಾದು ಕೆಂಡ ಆಗಿತ್ತು. ಭಾಲ್ಕಿಯಿಂದ ಬಂದ ನಮ್ಮ ಭಾವ, ಅಕ್ಕನ ಗಂಡ, ಕಟ್ಟಿಮ್ಯಾಲ ಕುಂತಿದ್ದ. ಏನಪಾ, ಕೋಳಿ ನಿನಗಿಂತ ಮುಂದ ಹ್ವಾದುವಲ್ಲ ಅಂತ ನಕ್ಕ. ನಮ್ಮ ಕಡೆ ಹೊಲದ ದಾರಿ ಅಳೀಬೇಕಂದ್ರ ಬಂಡಿ ಗಾಲಿಗೆ ಚಿಂದಿ ಕಟ್ಟಿ ಸುತ್ತು ಎಣಸ್ತಾರ. ನಾವೂ ಸೈಕಲ್ ತಲಿಕೆಳಗ ಮಾಡಿ ಗಾಲಿಗೆ ಚಿಂದಿ ಕಟ್ಟಿದಿವಿ, ಪೆಡಲು ಒಂದು ಸುತ್ತು ತಿರುವಿದಿವಿ. ಮೊದಲು ಎರಡೂವರಿ ಸುತ್ತಿಗೂ ಮ್ಯಾಲ ತಿರಗತಿದ್ದ ಗಾಲಿ ಎರಡಕ್ಕ ನಿಂತಂಗ ಆತು. ಬಂಡಿ ಲೆಕ್ಕದಾಗ ಇದು ಶುದ್ಧ ಮೋಸ. ದೊಡ್ಡ ಗಾಲಿ ಅಂದ್ರ ಹೆಚ್ಚು ದಾರಿ ಅಂತಲೇ ನಾವು ಕಂಡವರು. ಭಾವ ದನಿ ತಗ್ಗಿಸಿ, ಇವರು ಹಿಂಗೇ ಸೇಡು ತೀರಿಸ್ಕೋತಾರ, ಯಾರ ಮನಿ ಸೈಕಲ್ ಮುರದಾನೋ ಏನೋ ಅಂದ. ನನಗ ಅಷ್ಟೇ ಬೇಕಾಗಿತ್ತು.

ಮರುದಿನ ಭಾವ, ಮತ್ತ ಮೂರು ಮಂದಿ, ನಾನು, ಐದು ಮಂದಿ ಹೋಗಿ ಅಂಗಡಿ ಮುಂದ ನಿಂತಿವಿ. ನನ್ನ ಹಳೀ ಫ್ರೀವೀಲು ಹಾಕು, ಜೋಳ ತಿರುಗಿ ಕೊಡು ಅಂದೆ. ಅವತ್ತು ನಾ ಅವನಿಗೆ ಚಾಚಾ ಅನ್ನಲಿಲ್ಲ.

“ಏರಿನ್ಯಾಗ ಒಮ್ಮಿ ತುಳದು ನೋಡ್ರಿ ಮಾಲಕ್ರೆ,” ಅಂದ. ಭಾವ ಒಂದು ಹೆಜ್ಜಿ ಮುಂದ ಇಟ್ಟ. ಮಿಸ್ತ್ರಿ ತಲಿ ಬಗ್ಗಿಸಿ ಪಾನಾ ತಗೊಂಡು ಗಾಲಿ ನಟ್ಟು ಬಿಚ್ಚಾಕ ಕುಂತ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ನಂತ, ನೋಡು, ತಪ್ಪಿಲ್ಲದಿದ್ರ ಸುಮ್ಮಕ ಯಾಕಿರ್ತಿದ್ದ ಅಂತ ದಾರಿತುಂಬ ನಕ್ಕೋತ ಬಂದಿವಿ. ಜೋಳದ ಚೀಲ ನಾನೇ ಹೊತ್ತಿದ್ದೆ.

ಎಂಟನೇ ದಿನ ಅಪ್ಪನ್ನ ಕರ್ಕೊಂಡು ಹೊಂಟೆ. ಏರಿನ ಬುಡಕ್ಕ ಪೆಡಲು ಮತ್ತ ಕಲ್ಲಾತು, ಅಪ್ಪ ಇಳದ. ಅರ್ಧ ಏರಿಗೆ ಪಟ್ಟಿ ಕೆಂಪಾಗಿತ್ತು. ಅವಾಗ ಹಿಂದಿಂದ ಹಾಲಿನವನೊಬ್ಬ ಬಂದ. ಎರಡೂ ಬಾಜು ತುಂಬಿದ ಕ್ಯಾನು, ಸೀಟಿನಮ್ಯಾಲಿಂದ ಎದ್ದಿರಲಿಲ್ಲ, ಕಾಲು ಗಿರಗಿರ ತಿರಗತಿದ್ದುವು, ಸೈಕಲ್ ಸಾವಕಾಶ ಏರತಿತ್ತು. ಬೀಡಿ ಸೇದಕೋತ ನಮ್ಮನ್ನ ದಾಟಿ ಹ್ವಾದ. ಅವನ ಹಿಂದಿನ ಗಾಲಿ ನೋಡಿದೆ. ನಾ ಬಿಚ್ಚಿಸಿ ಬಂದದ್ದರಷ್ಟೇ ದೊಡ್ಡ ಫ್ರೀವೀಲು. ಅಪ್ಪ ನೆಲಾ ನೋಡಕೋತ ನಡೀತಿದ್ದ, ಅಂವ ಏನೂ ನೋಡಲಿಲ್ಲ. ನನಗ ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಹುಣ್ಣು ಬಿರದು ಒಳಗ ಕೊಳೀತು. ಹದಿನೈದು ದಿನಕ್ಕ ಮೊಣಕಾಲಿನ ಕೆಳಗ ಕಾಲು ತಗದ್ರು.

ಅಪ್ಪ ಮನಿಗೆ ಬಂದಮ್ಯಾಲ ಒಬ್ಬನೇ ಔರಾದಕ್ಕ ಹ್ವಾದೆ. ಮಿಸ್ತ್ರಿ ಪಂಕ್ಚರ್ ತಿದ್ದತಿದ್ದ. ಚಾಚಾ, ಅವತ್ತು ಇನ್ನೊಂದು ಮಾತು ಹೇಳಬಾರದಾಗಿತ್ತಾ, ಬಡದು ಹೇಳಬಾರದಾಗಿತ್ತಾ ಅಂದೆ. ಕಣ್ಣಾಗ ನೀರು ಬಂದಿದ್ದುವು.

ಅಂವ ಕೈ ಒರಸ್ಕೊಂಡ. “ನೀವು ಐದು ಮಂದಿ ಬಂದಿದ್ರಿ,” ಅಂದ. “ಮನ್ಯಾಗ ನನಗ ಮೂರು ಹೆಣ್ಣುಮಕ್ಕಳಿದ್ದಾರ್ರಿ.”

ಅಪ್ಪ ಮುಂದ ಹನ್ನೊಂದು ವರ್ಷ ಬದುಕಿದ. ಬಗಲಾಗ ಕೋಲು ಇಟ್ಕೊಂಡು ಕಟ್ಟಿಮ್ಯಾಲ ಕೂಡತಿದ್ದ. ಬಂದವರ ಮುಂದೆಲ್ಲ ಅದೇ ಮಾತು: ಆ ಔರಾದದ ಮಿಸ್ತ್ರಿ ಮೋಸ ಮಾಡದಿದ್ರ ನನ್ನ ಕಾಲು ಉಳೀತಿತ್ತು. ಆಮ್ಯಾಲ ನನ್ನ ಕಡೆ ತಿರುಗಿ, ಹೌದಿಲ್ಲೋ ಅಂತಿದ್ದ. ನಾ ಹೌದಪ್ಪಾ ಅಂತಿದ್ದೆ.