ಸಂಪಿಗೆ ಮನೆಯ ಕಲ್ಯಾಣಿ

ಉತ್ತರಹಳ್ಳಿಯಲ್ಲಿ ಹೂ ಮಾರುವ ಕಲ್ಯಾಣಿಯ ಮನೆ ಎಲ್ಲೆಂದು ಕೇಳಿದರೆ ಹಳಬರು ಈಗಲೂ ‘ಸಂಪಿಗೆ ಮನೆ’ ಎಂದೇ ತೋರಿಸುತ್ತಾರೆ. ಮರ ಮಾತ್ರ ಈಗಿಲ್ಲ.

ಅದನ್ನು ನೆಟ್ಟವರು ಅತ್ತೆ ಸಪ್ಪಲಮ್ಮ, ಮದುವೆಯಾಗಿ ಬಂದ ಹೊಸದರಲ್ಲಿ. ಆಗ ಹಿತ್ತಲಲ್ಲಿ ಸೇದುವ ಬಾವಿಯಿತ್ತು, ಸುತ್ತ ರಾಗಿ ಹೊಲ. ಮುಂದೆ ಸೊಸೆಯಾಗಿ ಬಂದ ಕಲ್ಯಾಣಿಗೆ ಬೆಳಗ್ಗೆ ಕಣ್ಣು ಬಿಡುವ ಮೊದಲೇ ಸಂಪಿಗೆಯ ಘಮ ಮೂಗಿಗೆ ತಾಕುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಬುಟ್ಟಿ ತುಂಬಿಕೊಂಡು ಬನಶಂಕರಿ ಗುಡಿಯ ಹತ್ತಿರ ಮಾರಲು ಹೋಗುತ್ತಿದ್ದರು. ಬಸ್ಸು ಹತ್ತಿದರೆ ಕಂಡಕ್ಟರು, “ಸಂಪಿಗೆ ಬಂತು, ಜಾಗ ಬಿಡ್ರಪ್ಪಾ” ಅನ್ನುತ್ತಿದ್ದ.

ಹೊಲಗಳು ಹೋಗಿ ಬಡಾವಣೆ ಬಂತು. ಬಾವಿ ಮುಚ್ಚಿ ಬೋರ್‌ವೆಲ್ ಕೊರೆಸಿದರು. ರಸ್ತೆಗೆ ಸಿಮೆಂಟ್ ಹಾಕಿದವರು ಮರದ ಬುಡಕ್ಕೂ ಮೆತ್ತಿ ಹೋದರು. ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ ಬೋರ್‌ವೆಲ್ಲೂ ಬತ್ತಿತು. ಟ್ಯಾಂಕರ್ ಬಂದಾಗ ಹಿಡಿದಿಟ್ಟ ನೀರಲ್ಲೇ ಎಲ್ಲವೂ ನಡೆಯಬೇಕು. ಅಕ್ಕಿ ತೊಳೆದದ್ದು, ಬಟ್ಟೆ ಜಾಲಿಸಿದ್ದು ಎಲ್ಲ ಕೂಡಿಸಿದರೆ ಒಂದು ಬಕೆಟ್ ಉಳಿಯುತ್ತಿತ್ತು. ಬಾಗಿಲಾಚೆ, ಹಿಂದಿನ ಮಳೆಗಾಲದಲ್ಲಿ ನೆಟ್ಟ ಹೊಂಗೆ ಸಸಿಯೂ ಬಾಡುತ್ತಿತ್ತು. ಕಲ್ಯಾಣಿ ಮಾತ್ರ ಬಕೆಟ್ಟನ್ನು ಸಂಪಿಗೆಗೇ ಸುರಿಯುತ್ತಿದ್ದಳು. ಅರ್ಧ ನೀರು ಸಿಮೆಂಟಿನ ಮೇಲೆ ಹರಿದು ಮೋರಿ ಸೇರುತ್ತಿತ್ತು.

ಒಂದು ದಿನ ಸಪ್ಪಲಮ್ಮ ಅದನ್ನು ನೋಡಿ ಗದರಿದರು.

“ಅದಕ್ಯಾಕೆ ಸುರೀತೀಯಾ? ತುದಿಯಿಂದ ಒಣಗ್ಕೊಂಡು ಬರ್ತಿದೆ. ಆ ಹೊಂಗೆಗೆ ಹಾಕು.”

“ಇದು ನೀವು ನೆಟ್ಟಿದ್ದು ಅತ್ತೆ!”

“ನೆಟ್ಟೋಳೇ ಹೇಳ್ತಿದೀನಲ್ಲ. ಇದಕ್ಕೆ ಒಂದು ಬಕೆಟ್ ಯಾವ ಮೂಲೆಗೆ? ಆ ಸಸಿ ಈಗ ತಡ್ಕೊಂಡ್ರೆ ಆಮೇಲೆ ನೀರೇ ಕೇಳಲ್ಲ.”

ಕಲ್ಯಾಣಿಗೆ ಅಳು ಬಂತು. ಆದರೂ ಅಂದೇ ಗುದ್ದಲಿ ಹಿಡಿದು ಸಸಿಯ ಸುತ್ತ ಅಗಲವಾಗಿ ಪಾತಿ ಮಾಡಿದಳು. ಸಂಪಿಗೆಯಿಂದ ಉದುರಿದ್ದ ಒಣ ಎಲೆಗಳನ್ನೇ ಗುಡಿಸಿ ತಂದು ಹೊದಿಸಿದಳು. ಹಳೇ ಕ್ಯಾನಿನ ತಳಕ್ಕೆ ಸಣ್ಣ ತೂತು ಮಾಡಿ, ನೀರು ತೊಟ್ಟಿಕ್ಕುವಂತೆ ಇಟ್ಟಳು. ಸಂಜೆ ಎಲೆ ಸರಿಸಿ ಮುಟ್ಟಿದರೆ ಮಣ್ಣು ತಣ್ಣಗಿರುತ್ತಿತ್ತು.

ಮಳೆ ಬಿದ್ದಾಗ ಹೊಂಗೆ ಚಿಗುರಿತು, ಸಂಪಿಗೆ ಚಿಗುರಲಿಲ್ಲ. ಅದನ್ನು ಕಡಿದ ದಿನ ಸಪ್ಪಲಮ್ಮ ಹೊರಗೇ ಬರಲಿಲ್ಲ. ಊಟಕ್ಕೆ ಕೂತಾಗ, “ಮೊದಲ್ನೇ ಹೂ ಬಿಟ್ಟಾಗ ನಿಮ್ಮಾವ ಕಿತ್ಕೊಂಬಂದು ನಂಗೆ ಮುಡಿಸಿದ್ರು. ಯಾರೋ ನೋಡ್ಬಿಟ್ರು ಅಂತ ಹೊಲಕ್ಕೆ ಓಡೇ ಹೋದ್ರು” ಎಂದು ನಕ್ಕರು. ಇಷ್ಟು ವರ್ಷ ಜೊತೆಗಿದ್ದರೂ ಕಲ್ಯಾಣಿ ಆ ಮಾತು ಕೇಳಿರಲಿಲ್ಲ. ಅತ್ತೆಯ ತಟ್ಟೆಗೆ ಇನ್ನಷ್ಟು ಸಾರು ಬಡಿಸಿ ಅಲ್ಲೇ ಕೂತಳು.

ಈಗ ಹೊಂಗೆ ಕಲ್ಯಾಣಿಯ ತಲೆಗಿಂತ ಎತ್ತರ ಬೆಳೆದಿದೆ. ಈ ಬೇಸಿಗೆಯಲ್ಲಿ ಅದು ಆಗೊಮ್ಮೆ ಈಗೊಮ್ಮೆ ಒಂದಿಷ್ಟು ನೀರಿಗೇ ಸುಧಾರಿಸಿಕೊಂಡಿತು. ಮಿಕ್ಕ ನೀರನ್ನು ಅವಳು ರಸ್ತೆ ದಾಟಿಸಿ, ಎದುರುಮನೆಯ ಭಾಗ್ಯಜ್ಯೋತಿ ನೆಟ್ಟಿರುವ ಬೇವಿನ ಸಸಿಗೆ ಹಾಕಿ ಬರುತ್ತಾಳೆ.